ಒಬ್ಬರೇ ಟೋಕಿಯೊಗೆ: ದೂರದ ಪ್ರಯಾಣ, ಮೊದಲ ದಿನ, ಪುಟ್ಟ ಮೋಜುಗಳು

ಬೆಂಗಳೂರಿನಿಂದ ಟೋಕಿಯೊಗೆ ಒಬ್ಬರೇ ಹೊರಡುವವರು ಬರೆದಿಟ್ಟುಕೊಳ್ಳುವ ಪ್ರವಾಸದ ಪಟ್ಟಿಯಲ್ಲಿ ಮೊದಲ ದಿನವೇ ಎಲ್ಲಕ್ಕಿಂತ ಹೆಚ್ಚು ತುಂಬಿರುತ್ತದೆ. ಬೆಳಗ್ಗೆ ಇಳಿಯುತ್ತೇವೆ, ಇಡೀ ದಿನ ಕೈಯಲ್ಲಿದೆ, ಆದ್ದರಿಂದ ಎರಡು ವಸ್ತುಸಂಗ್ರಹಾಲಯ, ಒಂದು ಗೋಪುರ, ಮುಂಗಡ ಕಾಯ್ದಿರಿಸಿದ ಒಂದು ಪ್ರದರ್ಶನ ಎಂಬ ಲೆಕ್ಕ ಅದು. ಈ ಲೆಕ್ಕದಲ್ಲಿ ನಿದ್ದೆಗೆಟ್ಟ ದೇಹಕ್ಕೆ ಸ್ಥಾನವೇ ಇರುವುದಿಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರ ಉತ್ಸಾಹವಾದರೂ ನಮ್ಮನ್ನು ಎಳೆದುಕೊಂಡು ಹೋದೀತು; ಒಂಟಿ ಪ್ರಯಾಣಿಕರಿಗೆ ಆ ಆಸರೆಯೂ ಇಲ್ಲ. ಹಾಗಾಗಿ ಮೊದಲ ದಿನಕ್ಕೆ ಟಿಕೆಟ್ ಬೇಡದ, ಅಗ್ಗದ, ಮನಸ್ಸಾಗದಿದ್ದರೆ ಅರ್ಧಕ್ಕೇ ಬಿಟ್ಟು ಏಳಬಹುದಾದ ಪುಟ್ಟ ಮೋಜುಗಳನ್ನು ಮಾತ್ರ ಇಟ್ಟುಕೊಳ್ಳಬೇಕೆಂಬುದು ಈ ಲೇಖನದ ವಾದ. ಅಂಥವು ಟೋಕಿಯೊದಲ್ಲಿ ಹೆಜ್ಜೆಗೊಂದರಂತೆ ಸಿಗುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಜೊತೆಗಾರರ ಅಗತ್ಯವೇ ಇಲ್ಲ.

ಹೊರಡುವ ಮುನ್ನ

ಭಾರತೀಯರಿಗೆ ಜಪಾನಿನ ಪ್ರವಾಸಿ ವೀಸಾ ಮುಂಚಿತವಾಗಿಯೇ ಬೇಕು. ಅದು ಕೈಗೆ ಬಂದ ಮೇಲೆ ‘ವಿಸಿಟ್ ಜಪಾನ್ ವೆಬ್’ ಎಂಬ ಸರ್ಕಾರಿ ತಾಣದಲ್ಲಿ ವಿವರಗಳನ್ನು ತುಂಬಿಸಿ, ಇಮಿಗ್ರೇಷನ್ ಮತ್ತು ಕಸ್ಟಮ್ಸ್‌ಗೆ ತೋರಿಸುವ ಕ್ಯೂಆರ್ ಕೋಡನ್ನು ಮನೆಯಲ್ಲೇ ಮಾಡಿಕೊಂಡು, ಅದರ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ರಾತ್ರಿಯಿಡೀ ಕುಳಿತು ಬಂದ ಮೇಲೆ ಕಾಗದದ ಅರ್ಜಿ ತುಂಬುವುದು ಸಣ್ಣ ಕೆಲಸವಾದರೂ ಆ ಹೊತ್ತಿಗೆ ದೊಡ್ಡದಾಗಿ ಕಾಣುತ್ತದೆ.

ವಿಮಾನವನ್ನು ಆರಿಸುವಾಗ ಬೆಲೆಯ ಜೊತೆಗೆ ಇಳಿಯುವ ಹೊತ್ತನ್ನೂ ನೋಡಿ. ಬೆಂಗಳೂರಿನಿಂದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದ್ದು, ಪ್ರಯಾಣದ ಅವಧಿ ಸುಮಾರು 8 ಗಂಟೆ. ಸಿಂಗಪುರ, ಬ್ಯಾಂಕಾಕ್, ಹಾಂಗ್‌ಕಾಂಗ್‌ಗಳ ಮೂಲಕ ಹೋದರೆ ಹಣ ಉಳಿಯಬಹುದು, ಆದರೆ ನಡುರಾತ್ರಿ ವಿಮಾನ ಬದಲಿಸಬೇಕಾಗಿ ಬಂದು ನಿದ್ದೆ ಎರಡು ತುಂಡಾಗುತ್ತದೆ. ರಾತ್ರಿ ತಡವಾಗಿ ಇಳಿಯುವ ವಿಮಾನವನ್ನು ಒಂಟಿಯಾಗಿ ಹೋಗುವವರು, ಅದರಲ್ಲೂ ಮೊದಲ ಸಲ ಹೋಗುವವರು, ಆರಿಸದಿರುವುದೇ ಮೇಲು. ನರಿತಾ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ, ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಂತುಹೋಗುತ್ತವೆ, ಟ್ಯಾಕ್ಸಿಯ ದರ ಕೇಳಿದರೆ ಬಂದ ನಿದ್ದೆಯೂ ಹಾರಿಹೋಗುತ್ತದೆ.

ಲಗೇಜಿನ ವಿಷಯದಲ್ಲಿ ನಮ್ಮವರು ಎಡವುವುದು ತಿಂಡಿಯ ಚೀಲದಲ್ಲಿ. ಹಸಿ ಹಣ್ಣು, ತರಕಾರಿ, ಕರಿಬೇವಿನಂಥ ಸೊಪ್ಪುಗಳನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಜಪಾನಿಗೆ ಒಯ್ಯುವಂತಿಲ್ಲ. ಮಾಂಸದ ಪದಾರ್ಥಗಳಿಗಂತೂ ಕಟ್ಟುನಿಟ್ಟಿನ ತಡೆಯಿದೆ. ಆದ್ದರಿಂದ ಊರಿನ ಮಾವಿನಹಣ್ಣನ್ನು ಊರಿನಲ್ಲಿಯೇ ತಿಂದು ಮುಗಿಸಿ. ಚಟ್ನಿಪುಡಿ, ಚಕ್ಕುಲಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಅವಲಕ್ಕಿ ಮತ್ತು ಉಪ್ಪಿಟ್ಟಿನ ಪೊಟ್ಟಣಗಳನ್ನು ಒಯ್ದರೆ ಸಾಕು, ಏಕೆಂದರೆ ಅಲ್ಲಿನ ಬಹುತೇಕ ಹೋಟೆಲು ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಉಪ್ಪಿನಕಾಯಿಯನ್ನು ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಪರಿಗಣಿಸುವ ಸಾಧ್ಯತೆ ಹೆಚ್ಚು. ಅದು ಚೆಕ್-ಇನ್ ಲಗೇಜಿನಲ್ಲಿರಲಿ. ಪವರ್ ಬ್ಯಾಂಕಿನದು ತದ್ವಿರುದ್ಧ ನಿಯಮ: ಅದು ಕೈಚೀಲದಲ್ಲಿಯೇ ಇರಬೇಕು. 2025ರ ಜುಲೈ ತಿಂಗಳಿನಿಂದ ಜಪಾನಿನ ವಿಮಾನ ಸಂಸ್ಥೆಗಳು ಅದನ್ನು ತಲೆಯ ಮೇಲಿನ ಕಪಾಟಿನಲ್ಲೂ ಇಡದೆ, ಕಣ್ಣಿಗೆ ಕಾಣುವಂತೆ ಹತ್ತಿರವೇ ಇಟ್ಟುಕೊಳ್ಳಲು ಕೇಳುತ್ತಿವೆ.

ಔಷಧಿಯ ಬಗ್ಗೆ ಎಚ್ಚರ ಬೇಕು. ವೈದ್ಯರು ಬರೆದುಕೊಟ್ಟ ಸಾಮಾನ್ಯ ಮಾತ್ರೆಗಳನ್ನು ಸ್ವಂತ ಬಳಕೆಗಾಗಿ 1 ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಆದರೆ ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿದ್ದರೆ ಅದು ಅಲ್ಲಿ ನಿಷಿದ್ಧ. ಪೊಟ್ಟಣದ ಹಿಂಬದಿಯನ್ನು ಓದಿಯೇ ಚೀಲಕ್ಕೆ ಹಾಕಿ. ವೈದ್ಯರ ಚೀಟಿಯೂ ಜೊತೆಗಿರಲಿ. ಜಪಾನಿನ ವಿದ್ಯುತ್ 100 ವೋಲ್ಟಿನದು, ಪ್ಲಗ್ ಎರಡು ಚಪ್ಪಟೆ ಕಡ್ಡಿಗಳದ್ದು. ಫೋನು ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳು ಈ ವೋಲ್ಟೇಜಿಗೆ ಒಗ್ಗುತ್ತವೆ, ಅಡಾಪ್ಟರು ಮಾತ್ರ ಬೇಕು. ಇವುಗಳ ಜೊತೆಗೆ ಗೆರೆಯಿಲ್ಲದ ಒಂದು ಸಣ್ಣ ನೋಟ್‌ಬುಕ್ಕನ್ನೂ, ಚಿಲ್ಲರೆಗೆಂದೇ ಒಂದು ಪುಟ್ಟ ಪರ್ಸನ್ನೂ ಇಟ್ಟುಕೊಳ್ಳಿ. ಇವೆರಡರ ಉಪಯೋಗ ಮುಂದೆ ಗೊತ್ತಾಗುತ್ತದೆ.

ವಿಮಾನದಲ್ಲಿ

ಜಪಾನಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಂತರ ಅಮೆರಿಕದಷ್ಟು ದೊಡ್ಡದಲ್ಲದಿದ್ದರೂ ದಿಕ್ಕು ಪೂರ್ವದ್ದು, ಮತ್ತು ಪೂರ್ವಕ್ಕೆ ಹೋಗುವಾಗ ಬೇಗ ಮಲಗಿ ಬೇಗ ಏಳಬೇಕಾಗುತ್ತದೆ. ಮನುಷ್ಯನ ದೇಹದ ಗಡಿಯಾರ ಸಹಜವಾಗಿ 24 ಗಂಟೆಗಿಂತ ತುಸು ನಿಧಾನವಾಗಿ ಓಡುವುದರಿಂದ ತಡವಾಗಿ ಮಲಗುವುದು ಅದಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ಹೊರಡುವ ಮೂರು ನಾಲ್ಕು ದಿನಗಳ ಮೊದಲಿನಿಂದಲೇ ದಿನಕ್ಕೆ ಅರ್ಧ ಗಂಟೆಯಂತೆ ಬೇಗ ಮಲಗಿ, ಬೇಗ ಎದ್ದು ಬೆಳಕಿಗೆ ಮೈಯೊಡ್ಡಿದರೆ ಅರ್ಧ ಅಂತರವನ್ನು ಬೆಂಗಳೂರಿನಲ್ಲೇ ದಾಟಿದಂತಾಗುತ್ತದೆ.

ಸಸ್ಯಾಹಾರಿಗಳು ವಿಮಾನದ ಊಟವನ್ನು ಟಿಕೆಟಿನ ಜೊತೆಯಲ್ಲೇ ನಮೂದಿಸಬೇಕು. ‘ಏಷ್ಯನ್ ವೆಜಿಟೇರಿಯನ್’ ಎಂಬುದನ್ನು ಆರಿಸಿದರೆ ಅನ್ನ, ಪಲ್ಯದ ಹತ್ತಿರದ್ದೇನೋ ಬರುತ್ತದೆ. ಬರೀ ‘ವೆಜಿಟೇರಿಯನ್’ ಎಂದರೆ ಬೇಯಿಸಿದ ಕ್ಯಾರೆಟ್ಟಿನ ತಟ್ಟೆ ಎದುರಾಗುವ ಸಂಭವವಿದೆ. ವಿಶೇಷ ಊಟದವರಿಗೆ ಎಲ್ಲರಿಗಿಂತ ಮೊದಲೇ ಬಡಿಸುವ ರೂಢಿಯಿರುವುದರಿಂದ ಊಟ ಬೇಗ ಮುಗಿಸಿ ಮಲಗುವ ಅನುಕೂಲವೂ ಇದೆ.

ಒಬ್ಬರೇ ಹೋಗುವಾಗ ಕಿಟಕಿಗಿಂತ ನಡುದಾರಿಯ ಪಕ್ಕದ ಸೀಟು ವಾಸಿ. ಮಲಗಿರುವ ಅಪರಿಚಿತರನ್ನು ಎಬ್ಬಿಸುವ ಮುಜುಗರಕ್ಕೆ ಹೆದರಿ ನೀರು ಕುಡಿಯದೆ, ಏಳದೆ, ಕಾಲು ಮಡಿಸಿಕೊಂಡೇ ರಾತ್ರಿ ಕಳೆಯುವವರು ಬಹಳ ಮಂದಿ. ಹೀಗೆ ಅಲುಗಾಡದೆ ಕೂರುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಎರಡು ಗಂಟೆಗೊಮ್ಮೆ ಎದ್ದು ಹಿಂಬದಿಯ ಅಡುಗೆಮೂಲೆಯವರೆಗೆ ನಡೆದು, ಒಂದು ಲೋಟ ನೀರು ಕೇಳಿ ಕುಡಿದು ಬನ್ನಿ. ನಿದ್ದೆ ಬಾರದಿದ್ದರೆ ಚಲನಚಿತ್ರ ನೋಡುವ ಬದಲು ಕಣ್ಣುಪಟ್ಟಿ ಕಟ್ಟಿಕೊಂಡು ಸುಮ್ಮನೆ ಒರಗಿರಿ; ನಾಲ್ಕು ಗಂಟೆಯ ಅರೆನಿದ್ದೆಯೂ ಮರುದಿನಕ್ಕೆ ಲಾಭವೇ.

ಇಳಿದ ಮೊದಲ ಎರಡು ಗಂಟೆ

ನರಿತಾದಲ್ಲಿ ಹೊರಗೆ ಬಂದೊಡನೆ ರೈಲಿಗೆ ಓಡಬೇಡಿ. ಮೊದಲು ಮುಖ ತೊಳೆದು, ಫೋನಿನಲ್ಲಿ ಇಂಟರ್ನೆಟ್ ಬರುತ್ತಿದೆಯೇ ನೋಡಿಕೊಂಡು, ಮನೆಯವರಿಗೆ ಸಂದೇಶ ಕಳಿಸಿ. ಬಳಿಕ ಎಟಿಎಂನಿಂದ ಸ್ವಲ್ಪ ನಗದು ತೆಗೆಯಿರಿ. ಸೆವೆನ್ ಬ್ಯಾಂಕಿನ ಯಂತ್ರಗಳು ವಿದೇಶಿ ಕಾರ್ಡುಗಳನ್ನು ಸ್ವೀಕರಿಸುತ್ತವೆ. ಅನಂತರ ‘ವೆಲ್ಕಮ್ ಸುಯಿಕಾ’ ಕಾರ್ಡನ್ನು ಕೊಳ್ಳಿ. 28 ದಿನ ಚಾಲ್ತಿಯಲ್ಲಿರುವ ಇದಕ್ಕೆ ಠೇವಣಿಯಿಲ್ಲ, ಉಳಿದ ಹಣ ಮರಳಿ ಬರುವುದೂ ಇಲ್ಲ. ಹಾಗಾಗಿ ಸ್ವಲ್ಪಸ್ವಲ್ಪವೇ ತುಂಬಿಸುವುದು ಜಾಣತನ. ರೈಲು, ಮೆಟ್ರೊ, ಬಸ್ಸು, ಅಂಗಡಿ, ಪಾನೀಯದ ಯಂತ್ರ, ಲಗೇಜಿನ ಲಾಕರ್, ಬಹುಪಾಲು ಎಲ್ಲಕ್ಕೂ ಈ ಒಂದೇ ಕಾರ್ಡು ಸಾಕಾಗುತ್ತದೆ.

ಮೊದಲ ಸಲ ಒಬ್ಬರೇ ಹೋಗುವವರು ಉಯೆನೊ ಅಥವಾ ಅಸಾಕುಸ ಭಾಗದಲ್ಲಿ ಉಳಿದುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಶಿಂಜುಕು, ಶಿಬುಯಗಳ ಥಳಕು ಅಲ್ಲಿಲ್ಲ. ಆದರೆ ನರಿತಾದಿಂದ ರೈಲು ಬದಲಿಸದೆ ತಲುಪಬಹುದು. ಕೆಇಸೆಯಿ ಸಂಸ್ಥೆಯ ಸ್ಕೈಲೈನರ್ ರೈಲು ಗಂಟೆಗೆ 160 ಕಿ.ಮೀ. ವೇಗದವರೆಗೆ ಓಡಿ ಮುಕ್ಕಾಲು ಗಂಟೆಯೊಳಗೆ ಉಯೆನೊಗೆ ತಲುಪಿಸುತ್ತದೆ. ಅದೇ ಸಂಸ್ಥೆಯ ಆಕ್ಸೆಸ್ ಎಕ್ಸ್‌ಪ್ರೆಸ್ ಸುಮಾರು ಅರ್ಧ ದರದಲ್ಲಿ, ಒಂದು ಗಂಟೆಯ ಆಸುಪಾಸಿನಲ್ಲಿ, ನೇರ ಅಸಾಕುಸದಲ್ಲಿ ಇಳಿಸುತ್ತದೆ. ಅವಸರವಿಲ್ಲದ ಮೊದಲ ದಿನಕ್ಕೆ ಎರಡನೆಯದೇ ಸಾಕು.

ಹೋಟೆಲಿನಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ರ ನಂತರ. ಇದನ್ನು ತೊಂದರೆಯೆಂದು ಭಾವಿಸುವವರಿದ್ದಾರೆ. ನನಗದು ಉಪಕಾರವಾಗಿಯೇ ಕಂಡಿದೆ. ಹಾಸಿಗೆ ಕಣ್ಣಿಗೆ ಬೀಳದಿದ್ದರೆ ಹಗಲು ಮಲಗುವ ಪ್ರಶ್ನೆಯೇ ಬರುವುದಿಲ್ಲ. ಪೆಟ್ಟಿಗೆಯನ್ನು ಸ್ವಾಗತ ಕೌಂಟರಿನಲ್ಲಿ ಬಿಟ್ಟು, ಹೋಟೆಲಿನ ವಿಳಾಸವು ಜಪಾನಿ ಲಿಪಿಯಲ್ಲಿರುವ ಚೀಟಿಯೊಂದನ್ನು ಪಡೆದು, ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಟ್ಟುಕೊಂಡು ಹೊರಡಿ. ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು ವಿದೇಶಿ ಪ್ರವಾಸಿಗರಿಗೆ ಅಲ್ಲಿನ ಕಾನೂನಿನಂತೆ ಕಡ್ಡಾಯ. ದಾರಿ ತಪ್ಪಿದರೆ ‘ಕೋಬಾನ್’ ಎಂಬ ಪುಟ್ಟ ಪೊಲೀಸ್ ಚೌಕಿಗಳಲ್ಲಿ ಕೇಳಬಹುದು. ದಾರಿ ತೋರಿಸುವುದು ಅವರ ನಿತ್ಯದ ಕೆಲಸಗಳಲ್ಲೊಂದು. ತುರ್ತಿಗೆ ಪೊಲೀಸರ ಸಂಖ್ಯೆ 110, ಆಂಬುಲೆನ್ಸಿನದು 119.

ಹಗಲನ್ನು ಕಳೆಯುವ ಬಗೆ

ಜಪಾನಿನಲ್ಲಿ ಬೆಳಗಿನ 8 ಗಂಟೆಯೆಂದರೆ ನಮ್ಮ ದೇಹಕ್ಕೆ ಇನ್ನೂ ನಾಲ್ಕೂವರೆ. ಅದಾದ ಮೇಲೆ ಬೀಳುವ ಬೆಳಕು ದೇಹದ ಗಡಿಯಾರವನ್ನು ಮುಂದಕ್ಕೆ ತಳ್ಳಲು ನೆರವಾಗುತ್ತದೆ. ಆದ್ದರಿಂದ ಮಧ್ಯಾಹ್ನದವರೆಗಿನ ಹೊತ್ತನ್ನು ಬಯಲಿನಲ್ಲಿ, ನಡೆಯುತ್ತ ಕಳೆಯಿರಿ. ಕೂತು ನೋಡುವ ಮೋಜುಗಳನ್ನು ದೂರವಿಡಿ.

ಉಯೆನೊ ಉದ್ಯಾನದ ಶಿನೊಬಜು ಕೆರೆಯ ನಡುವಿನ ದ್ವೀಪದಲ್ಲಿ ಬೆಂತೆನ್‌ದೊ ಎಂಬ ಗುಡಿಯಿದೆ. ಅಲ್ಲಿನ ದೇವತೆ ಬೆಂಜಾಯಿತೆನ್ ನಮ್ಮ ಸರಸ್ವತಿಯೇ. ಬೌದ್ಧ ಧರ್ಮದ ಜೊತೆ ಚೀನಾದ ಮೂಲಕ ಜಪಾನನ್ನು ತಲುಪಿದವಳು. ವೀಣೆಯ ಜಾಗದಲ್ಲಿ ಅವಳಿಗೆ ಬಿವಾ ಎಂಬ ತಂತಿವಾದ್ಯ ಬಂದಿದೆ, ಗುಡಿಯ ಮುಂದೆ ಅದರದೊಂದು ಸ್ಮಾರಕವೂ ಇದೆ. ಬೇಸಿಗೆಯಲ್ಲಿ ಹೋದರೆ ತಾವರೆ ಎಲೆಗಳು ಕೆರೆಯ ನೀರೇ ಕಾಣದಂತೆ ಬೆಳೆದಿರುತ್ತವೆ.

ಇದಕ್ಕಿಂತಲೂ ಸ್ವಾರಸ್ಯದ ಜಾಗ ಅಸಾಕುಸದಲ್ಲಿದೆ. ಎಲ್ಲರೂ ಹೋಗುವ ಸೆನ್ಸೊಜಿ ದೇವಾಲಯದಿಂದ ಸುಮಾರು ಹತ್ತು ನಿಮಿಷ ನಡೆದರೆ, ಸುಮಿದಾ ನದಿಯ ಹತ್ತಿರದ ಪುಟ್ಟ ದಿಬ್ಬದ ಮೇಲೆ ಮಾತ್ಸುಚಿಯಾಮ ಶೋದೆನ್ ಸಿಗುತ್ತದೆ. ಇಲ್ಲಿನ ದೇವರು ಕಾಂಗಿತೆನ್, ಅಂದರೆ ವಿನಾಯಕ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ. ಆದರೆ ಕಣ್ಣು ಹಾಯಿಸಿದಲ್ಲೆಲ್ಲ ಒಂದಕ್ಕೊಂದು ಹೆಣೆದುಕೊಂಡ ಎರಡು ಮೂಲಂಗಿಗಳ ಕೆತ್ತನೆ ಕಾಣುತ್ತದೆ, ಏಕೆಂದರೆ ಈ ಗಣಪನಿಗೆ ನೈವೇದ್ಯ ಮೂಲಂಗಿ. ಆವರಣದಲ್ಲಿಯೇ ಮಾರುವ ತೋಳುದ್ದದ ಬಿಳಿ ಮೂಲಂಗಿಯೊಂದನ್ನು ಕೊಂಡು ಅರ್ಪಿಸಬಹುದು. ಅರ್ಪಿಸಿ ಇಳಿಸಿದ ಮೂಲಂಗಿಗಳನ್ನು ಭಕ್ತರಿಗೆ ಉಚಿತವಾಗಿ ಹಂಚುವ ಪದ್ಧತಿಯೂ ಇದೆ. ಕಡುಬಿನ ಗಣಪನಿಗೆ ಒಗ್ಗಿದವರು ಪ್ರಸಾದವೆಂದು ಇಡೀ ಮೂಲಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದಿಬ್ಬ ಇಳಿಯುವುದು ಟೋಕಿಯೊದ ಯಾವ ಗೋಪುರದ ತುದಿಯಲ್ಲೂ ಸಿಗದ ಅನುಭವ. ಹೋಟೆಲಿನಲ್ಲಿ ಅದನ್ನು ಏನು ಮಾಡುವುದೆಂಬ ಚಿಂತೆಯಿದ್ದರೆ ವಿನಯದಿಂದ ಬಿಟ್ಟು ಬರಬಹುದು. ಜನವರಿ 7ರಂದು ಇಲ್ಲಿ ಮೂಲಂಗಿಯದೇ ಹಬ್ಬ ನಡೆಯುತ್ತದೆ.

ಸೆನ್ಸೊಜಿಯಲ್ಲಿ ಜನಸಂದಣಿ ಹೆಚ್ಚು. ಮೊದಲ ದಿನಕ್ಕೆ ಅಲ್ಲಿ ಒಮಿಕುಜಿ ಎಂಬ ಭವಿಷ್ಯದ ಚೀಟಿಯಾಟ ಮಾತ್ರ ಸಾಕು. 100 ಯೆನ್ ನಾಣ್ಯವನ್ನು ಹಾಕಿ, ಲೋಹದ ಕೊಳವೆಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿ ಬೋರಲು ಮಾಡಿದರೆ ಸಣ್ಣ ತೂತಿನಿಂದ ಒಂದು ಕಡ್ಡಿ ಇಣುಕುತ್ತದೆ. ಅದರ ಮೇಲಿನ ಅಂಕಿ ಜಪಾನಿ ಲಿಪಿಯಲ್ಲಿರುತ್ತದೆ. ಎದುರಿನ ಸಾಲು ಸಾಲು ಮರದ ಡ್ರಾಯರುಗಳಲ್ಲಿ ಅದೇ ಅಂಕಿಯನ್ನು ಹುಡುಕಿ ತೆರೆದರೆ ನಿಮ್ಮ ಪಾಲಿನ ಕಾಗದ ಒಳಗಿರುತ್ತದೆ, ಇಂಗ್ಲಿಷ್ ಅನುವಾದವೂ ಅದರಲ್ಲೇ ಇದೆ. ಕೆಟ್ಟ ಫಲ ಬರುವುದು ಈ ದೇವಾಲಯದಲ್ಲಿ ಮಾಮೂಲು ಸಂಗತಿಯಾದ್ದರಿಂದ ಎದೆಗುಂದಬೇಕಿಲ್ಲ. ಅಂಥ ಚೀಟಿಯನ್ನು ಪಕ್ಕದ ತಂತಿಗೆ ಕಟ್ಟಿ ಅಲ್ಲಿಯೇ ಬಿಟ್ಟು ಬರುವುದು ರೂಢಿ.

ಮಧ್ಯಾಹ್ನದ ನಂತರ ಕಣ್ಣು ಎಳೆಯಲು ಶುರುವಾಗುತ್ತದೆ. ಆಗ ಕೈಗೆ ಕೆಲಸ ಕೊಡುವ ಮೋಜುಗಳು ಬೇಕು. ಗಾಚಾಪೋನ್ ಯಂತ್ರಗಳು ಇದಕ್ಕೆ ಹೇಳಿ ಮಾಡಿಸಿದವು. ನಿಲ್ದಾಣಗಳಲ್ಲಿ, ಅಂಗಡಿಗಳ ಮುಂದೆ, ಒಂದರ ಮೇಲೊಂದು ಪೇರಿಸಿಟ್ಟ ಈ ಪೆಟ್ಟಿಗೆಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಉಂಡೆಗಳಿರುತ್ತವೆ. 100 ಯೆನ್ ನಾಣ್ಯಗಳನ್ನು ಬಾಯಿಗೆ ಕೊಟ್ಟು ಹಿಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ, ಒಳಗೆ ಗಟಗಟನೆ ಸದ್ದಾಗಿ ಒಂದು ಉಂಡೆ ಕೆಳಗಿನ ಗೂಡಿಗೆ ಉರುಳುತ್ತದೆ. ಒಳಗೇನಿದೆಯೆಂದು ಮೊದಲೇ ತಿಳಿಯದು. ಹೊರಗಿನ ಚಿತ್ರದಲ್ಲಿರುವ ಐದಾರು ವಸ್ತುಗಳಲ್ಲಿ ಯಾವುದೋ ಒಂದು. ಹೆಬ್ಬೆರಳಿನ ಗಾತ್ರದ ರೈಲು ಫಲಕ, ಕುರ್ಚಿಯ ಮೇಲೆ ಮಲಗಿದ ಬೆಕ್ಕು, ಮುಚ್ಚಳ ತೆರೆಯಬಲ್ಲ ಪುಟ್ಟ ಅಕ್ಕಿಪಾತ್ರೆ, ಹೀಗೆ ದೊಡ್ಡವರಿಗೆಂದೇ ಮಾಡಿದಂತಿರುವ ವಸ್ತುಗಳೇ ಹೆಚ್ಚು. ಬೆಲೆ ಸಾಮಾನ್ಯವಾಗಿ 300ರಿಂದ 500 ಯೆನ್. ಖಾಲಿ ಉಂಡೆ ಹಾಕಲು ಪಕ್ಕದಲ್ಲೇ ಡಬ್ಬಿಯಿರುತ್ತದೆ. ಇಕೆಬುಕುರೊದ ಸನ್‌ಶೈನ್ ಸಿಟಿಯಲ್ಲಿ ಇಂಥ ಯಂತ್ರಗಳು 3,000ಕ್ಕೂ ಹೆಚ್ಚಿರುವ ಮಳಿಗೆಯಿದೆ. ಆದರೆ ಅದು ಇನ್ನೊಂದು ದಿನಕ್ಕಿರಲಿ. ಪರ್ಸಿನಲ್ಲಿ ಹತ್ತು ನಾಣ್ಯಗಳಿಗಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಇಲ್ಲಿನ ಏಕೈಕ ಕಟ್ಟಳೆ. ಮುಷ್ಟಿಯಂಥ ಕೊಂಡಿಯಿಂದ ಗೊಂಬೆ ಎತ್ತುವ ಯಂತ್ರಗಳು ಇನ್ನೂ ಹೆಚ್ಚು ಹಣ ನುಂಗುತ್ತವೆ. ನಿದ್ದೆಗಣ್ಣಿನಲ್ಲಿ ಅವುಗಳ ಹತ್ತಿರ ಹೋಗದಿರುವುದೇ ಕ್ಷೇಮ.

ನೋಟ್‌ಬುಕ್ಕಿನ ಉಪಯೋಗ ರೈಲು ನಿಲ್ದಾಣದಲ್ಲಿ. ಜಪಾನಿನ ಬಹಳಷ್ಟು ನಿಲ್ದಾಣಗಳಲ್ಲಿ ಆ ಊರಿನ ಚಿತ್ರವಿರುವ ಒಂದು ರಬ್ಬರ್ ಮುದ್ರೆ ಇರುತ್ತದೆ, ಯಾರು ಬೇಕಾದರೂ ಒತ್ತಿಕೊಳ್ಳಬಹುದು, ಹಣ ಕೊಡಬೇಕಿಲ್ಲ. 1931ರಲ್ಲಿ ಫುಕುಯಿ ನಿಲ್ದಾಣದಲ್ಲಿ ಶುರುವಾದ ಪದ್ಧತಿಯಿದು. ಮುದ್ರೆ ಸಾಮಾನ್ಯವಾಗಿ ಟಿಕೆಟ್ ಗೇಟಿನ ಬಳಿ ಇರುತ್ತದೆ. ಕಾಣದಿದ್ದರೆ ‘ಸ್ಟ್ಯಾಂಪ್’ ಎಂದರೆ ಸಿಬ್ಬಂದಿಗೆ ಅರ್ಥವಾಗುತ್ತದೆ. ಒತ್ತುವಾಗ ಮುದ್ರೆಯನ್ನು ಅಲುಗಿಸದೆ ನಾಲ್ಕೂ ಅಂಚಿನ ಮೇಲೆ ಸಮನಾಗಿ ಭಾರ ಹಾಕಿ, ನೇರವಾಗಿ ಮೇಲೆತ್ತಿ. ಉತ್ಸಾಹದಲ್ಲಿ ಪಾಸ್‌ಪೋರ್ಟಿನ ಮೇಲೆ ಮಾತ್ರ ಎಂದೂ ಒತ್ತಬೇಡಿ. ಅಧಿಕೃತವಲ್ಲದ ಮುದ್ರೆಯಿರುವ ಪಾಸ್‌ಪೋರ್ಟು ಮುಂದಿನ ಗಡಿಯಲ್ಲಿ ತಕರಾರಿಗೆ ಕಾರಣವಾದೀತು.

ಮುದ್ರೆಯ ಹುಚ್ಚು ಹತ್ತಿದವರಿಗೆ ಯಾಮಾನೊತೆ ಮಾರ್ಗದ ಸವಾರಿಯೂ ರುಚಿಸುತ್ತದೆ. 34.5 ಕಿ.ಮೀ. ಉದ್ದದ, 30 ನಿಲ್ದಾಣಗಳ ಈ ವೃತ್ತಾಕಾರದ ಹಾದಿಯನ್ನು ಸುತ್ತಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಒಂದೇ ನಿಲ್ದಾಣವನ್ನು ಎರಡು ಸಲ ಹಾಯದಿದ್ದರೆ ಸುತ್ತುಬಳಸಿ ಹೋದರೂ ಹತ್ತಿರದ ದಾರಿಯ ದರವನ್ನೇ ಕೊಟ್ಟರೆ ಸಾಕೆಂಬ ನಿಯಮ ಟೋಕಿಯೊ ಸುತ್ತಮುತ್ತಲ ರೈಲುಗಳಿಗಿದೆ. ಉಯೆನೊದಲ್ಲಿ ಹತ್ತಿ, ಪಕ್ಕದ ಒಕಾಚಿಮಾಚಿಗೆ ಎದುರು ದಿಕ್ಕಿನಿಂದ ಇಡೀ ನಗರ ಸುತ್ತಿ ಬಂದು ಇಳಿದರೆ, ಗೇಟಿನಿಂದ ನಡುವೆ ಹೊರಹೋಗದಿದ್ದ ಪಕ್ಷದಲ್ಲಿ, ಕನಿಷ್ಠ ದರವಷ್ಟೇ ಕಡಿತವಾಗುತ್ತದೆ. ಆದರೆ ಇದನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ: ಚಳಿಗಾಲದಲ್ಲಿ ಆ ಸೀಟುಗಳ ಅಡಿಯಿಂದ ಬಿಸಿಗಾಳಿ ಬರುತ್ತದೆ, ನಿದ್ದೆಗೆಟ್ಟವರು ಕೂತ ಹತ್ತು ನಿಮಿಷಕ್ಕೆ ಮಲಗಿರುತ್ತಾರೆ.

ಊಟ

ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ತೊಡಕಾಗುವುದು ಕಣ್ಣಿಗೆ ಕಾಣುವ ಮೀನಲ್ಲ, ಕಾಣದ ಮೀನು. ತರಕಾರಿಯ ಸೂಪಿನಲ್ಲಿ, ನೂಡಲ್ಸಿನ ಸಾರಿನಲ್ಲಿ ಒಣಮೀನಿನಿಂದ ತೆಗೆದ ‘ದಾಶಿ’ ಎಂಬ ರಸ ಸೇರಿರುತ್ತದೆ. ಕಟ್ಟುನಿಟ್ಟಿನವರು ಮೊದಲ ದಿನ ಪ್ರಯೋಗಕ್ಕಿಳಿಯದೆ, ಟೋಕಿಯೊ ನಿಲ್ದಾಣದ ಗೇಟಿನೊಳಗಿರುವ ಟೀಸ್ ತಾಂತಾನ್ ಎಂಬ ಪೂರ್ಣ ಸಸ್ಯಾಹಾರಿ ರಾಮೆನ್ ಅಂಗಡಿಯನ್ನೋ, ಕೋಣೆಯ ಕೆಟಲನ್ನೋ ನಂಬುವುದು ಒಳಿತು. ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳಲ್ಲಿ ಉಪ್ಪು ಹಾಕಿದ ಬೀನ್ಸ್, ಬಾಳೆಹಣ್ಣು, ಮೊಸರು, ಬ್ರೆಡ್ಡು ಸಿಗುತ್ತವೆ. ಸಂದೇಹವಿದ್ದರೆ ಪೊಟ್ಟಣದ ಮೇಲಿನ ಬರಹವನ್ನು ಫೋನಿನ ಕ್ಯಾಮೆರಾದಿಂದ ಅನುವಾದಿಸಿ ಓದಿ. ಊರಿನ ಊಟವೇ ಬೇಕೆನಿಸಿದರೆ, ಭಾರತೀಯರು ನೆಲೆಸಿರುವ ನಿಶಿ-ಕಸಾಯಿ ಬಡಾವಣೆಗೆ ಮೆಟ್ರೊದಲ್ಲಿ ಹೋಗಬಹುದು. ಒಬ್ಬರೇ ಕೂತು ಉಣ್ಣುವುದಕ್ಕೆ ಮುಜುಗರಪಡುವವರು ಅಲ್ಲಿ ಹಾಗೆ ಅಂದುಕೊಳ್ಳಬೇಕಿಲ್ಲ. ಅಡುಗೆಕಟ್ಟೆಗೆ ಮುಖಮಾಡಿದ ಒಂಟಿ ಸೀಟುಗಳ ಸಾಲು ಆ ಊರಿನ ಅಂಗಡಿಗಳ ಸಹಜ ವ್ಯವಸ್ಥೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಪಾನೀಯದ ಯಂತ್ರಗಳ ಮುಂದೆ ಒಂದು ನಿಮಿಷ ನಿಲ್ಲಿ. ಬೆಲೆಯ ಕೆಳಗಿನ ಪಟ್ಟಿ ನೀಲಿಯಾಗಿದ್ದರೆ ತಣ್ಣಗಿನದು, ಕೆಂಪಾಗಿದ್ದರೆ ಬಿಸಿಯದು. ಚಳಿಯ ಸಂಜೆ ಕೆಂಪು ಗುಂಡಿ ಒತ್ತಿ, ಕೈಸುಡುವಂಥ ಜೋಳದ ಸೂಪಿನ ಡಬ್ಬಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಳ್ಳುವ ಸುಖವೇ ಬೇರೆ, ಕುಡಿಯುವುದು ಆಮೇಲಿನ ಮಾತು. ಕಾಫಿಯನ್ನು ಮಾತ್ರ ಮಧ್ಯಾಹ್ನ 2ರ ನಂತರ ಮುಟ್ಟಬೇಡಿ.

ಸಂಜೆಯ ಸ್ನಾನ, ರಾತ್ರಿಯ ನಿದ್ದೆ

ಮೊದಲ ದಿನದ ಕೊನೆಯ ಕಾರ್ಯಕ್ರಮ ಸೆಂತೊ, ಅಂದರೆ ಬಡಾವಣೆಯ ಸಾರ್ವಜನಿಕ ಸ್ನಾನಗೃಹ. ದರವನ್ನು ನಗರಾಡಳಿತವೇ ನಿಗದಿ ಮಾಡುವುದರಿಂದ ಟೋಕಿಯೊದಲ್ಲಿ 500 ಯೆನ್‌ಗಿಂತ ತುಸು ಹೆಚ್ಚಿಗೆ ಮುಗಿಯುತ್ತದೆ. ಬಹುತೇಕ ಕಡೆ ಮಧ್ಯಾಹ್ನ 3 ಅಥವಾ 4ರ ನಂತರ ತೆರೆಯುತ್ತಾರೆ. ಚಪ್ಪಲಿಯನ್ನು ಬಾಗಿಲಿನ ಪುಟ್ಟ ಲಾಕರಿನಲ್ಲಿಟ್ಟು ಮರದ ಬೀಗದ ಹಲಗೆ ತೆಗೆದುಕೊಳ್ಳಿ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಭಾಗಗಳಿವೆ. ಒಳಗೆ ಬಟ್ಟೆ ಸಂಪೂರ್ಣ ನಿಷಿದ್ಧ, ಈಜುಡುಗೆಯೂ ಸಲ್ಲದು. ನಮ್ಮವರು ಹಿಂದೆಗೆಯುವುದು ಇಲ್ಲಿಯೇ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಮತ್ತು ಒಬ್ಬರೇ ಬಂದಿರುವುದರಿಂದ ಪರಿಚಿತರ ಎದುರಿನ ನಾಚಿಕೆಯೂ ಇಲ್ಲ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಸೋಪು ಹಚ್ಚಿ ಮೈಯನ್ನು ಪೂರ್ತಿ ತೊಳೆದುಕೊಳ್ಳಬೇಕು. ನೊರೆ ಚೂರೂ ಉಳಿಯದಂತೆ ನೀರು ಸುರಿದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಸಣ್ಣ ಟವೆಲನ್ನು ನೀರಿಗೆ ತಾಗಿಸಬಾರದು. ಮಡಿಸಿ ತಲೆಯ ಮೇಲಿಟ್ಟುಕೊಳ್ಳುವುದು ವಾಡಿಕೆ. ನೀರು ಸಾಮಾನ್ಯವಾಗಿ 42 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಐದು ನಿಮಿಷ ಕೂತು ಎದ್ದರೆ ಮೊದಲ ಸಲಕ್ಕೆ ಸಾಕು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಇದನ್ನು ಬಿಟ್ಟುಬಿಡಬೇಕು. ಹಲವು ಹಳೆಯ ಸೆಂತೊಗಳ ಗೋಡೆಯ ಮೇಲೆ ಫುಜಿ ಪರ್ವತದ ದೊಡ್ಡ ಚಿತ್ರವಿರುತ್ತದೆ. 1912ರಲ್ಲಿ ಕಾಂಡ ಪ್ರದೇಶದ ಒಂದು ಸ್ನಾನಗೃಹದಿಂದ ಹಬ್ಬಿದ ರೂಢಿಯಿದು.

ಬಿಸಿನೀರಿನಿಂದ ಎದ್ದ ಮೇಲೆ ದೇಹದ ಒಳತಾಪ ನಿಧಾನವಾಗಿ ಇಳಿಯತೊಡಗುತ್ತದೆ, ಆ ಇಳಿಕೆಯೇ ನಿದ್ದೆಯನ್ನು ಕರೆಯುತ್ತದೆ. ಹೀಗಾಗಿ ಸ್ನಾನವನ್ನು ಮಲಗುವ ಒಂದೆರಡು ಗಂಟೆ ಮುಂಚೆ, ಅಂದರೆ ಏಳರಿಂದ ಎಂಟರ ನಡುವೆ ಇಟ್ಟುಕೊಳ್ಳುವುದು ಸೂಕ್ತ. ರಾತ್ರಿ 9ಕ್ಕೆ ಮುಂಚೆ ಏನಾದರೂ ಸರಿ, ಹಾಸಿಗೆಗೆ ಬೆನ್ನು ತಾಗಿಸಬೇಡಿ. ಹತ್ತರ ನಂತರ ಎಚ್ಚರವಾಗಿಯೂ ಇರಬೇಡಿ. ಮರುದಿನ ಬೆಳಗ್ಗೆ ಏಳಲು ಕಷ್ಟವಾಗುತ್ತದೆ, ಏಕೆಂದರೆ ಅಲ್ಲಿ ಆರೂವರೆಯೆಂದರೆ ನಮಗೆ ರಾತ್ರಿ 3 ಗಂಟೆ. ಅಲಾರಂ ಏಳೂವರೆಗೆ ಇಟ್ಟು, ಕೈಗೆಟುಕದಷ್ಟು ದೂರದಲ್ಲಿಡಿ. ಎದ್ದೊಡನೆ ಪರದೆ ಸರಿಸಿ, ತಿಂಡಿ ಮುಗಿಸಿ, ಶಿಂಜುಕುವಿನ ಮಹಾನಗರ ಆಡಳಿತ ಕಟ್ಟಡಕ್ಕೆ ಹೊರಡಿ. ಅದರ 45ನೆಯ ಮಹಡಿಯಲ್ಲಿ, 202 ಮೀಟರ್ ಎತ್ತರದಲ್ಲಿ, ಉಚಿತ ವೀಕ್ಷಣಾ ಸ್ಥಳವಿದೆ. ಚಳಿಗಾಲದ ಶುಭ್ರ ಬೆಳಗಾದರೆ ಪಶ್ಚಿಮದ ಕಿಟಕಿಯಿಂದ ಫುಜಿ ಕಾಣುತ್ತದೆ. ಟಿಕೆಟ್ ಕೊಂಡು ನೋಡುವ ಗೋಪುರಗಳನ್ನು ಇದನ್ನು ನೋಡಿದ ಮೇಲೆ, ಬೇಕೆನಿಸಿದರೆ ಮಾತ್ರ, ಕಾಯ್ದಿರಿಸಿ.